ಸೆಕೆಂಡ್ ಹ್ಯಾಂಡ್ ಕೆಂಪು ಸ್ವಿಫ್ಟ್, ಮೈಯೆಲ್ಲ ಗೀರು: ಪಾಲಿಶ್ ಸಾಕಾ, ಪೇಂಟೇ ಮಾಡಿಸಬೇಕಾ?

ದಾವಣಗೆರೆ_ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು 2014ರ ಸ್ವಿಫ್ಟ್ ತಗೊಂಡೆವು. ಕೆಂಪು ಬಣ್ಣ. ಇಂಜಿನ್ ಚೆನ್ನಾಗಿದೆ, ಟೈರ್ ಹೊಸದು. ನಮ್ಮ ಮನೆಗೆ ಇದೇ ಮೊದಲ ಕಾರು. ಅಪ್ಪ ದಿನಾ ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತಾರೆ.

ನೋಡೋಕೆ ಹೋದಾಗ ಸಂಜೆ ಆರೂವರೆ ಆಗಿತ್ತು. ಆಗಷ್ಟೇ ತೊಳೆದು ನಿಲ್ಲಿಸಿದ್ದರು, ಮೈ ಇನ್ನೂ ಒದ್ದೆ ಇತ್ತು. ಫಳಫಳ ಹೊಳೆಯುತ್ತಿತ್ತು. ಮಾರನೇ ದಿನ ಬಿಸಿಲಲ್ಲಿ ನಿಲ್ಲಿಸಿ ನೋಡಿದರೆ ಬಾನೆಟ್ ತುಂಬ ಜೇಡರ ಬಲೆ ಥರ ಸುತ್ತುಸುತ್ತಿನ ಗೆರೆಗಳು. ರೂಫ್ ಮಂಕಾಗಿದೆ. ಬಲಗಡೆ ಹಿಂದಿನ ಬಾಗಿಲ ಮೇಲೆ ಒಂದು ಗೇಣು ಉದ್ದದ ಗೀರು, ಬೀಗದ ಕೈಯಲ್ಲಿ ಎಳೆದ ಹಾಗಿದೆ. ಮುಂದಿನ ಬಂಪರ್ ಮೂಲೆ ತರಚಿ ಒಳಗಿನ ಕಪ್ಪು ಕಾಣುತ್ತಿದೆ.

ಒಂದು ಗ್ಯಾರೇಜಿನಲ್ಲಿ ಪೂರ್ತಿ ಪೇಂಟ್ ಮಾಡಿಸಿ, 40 ಸಾವಿರ ಅಂದರು. ಇನ್ನೊಂದು ಕಡೆ 3 ಸಾವಿರ ಕೊಡಿ, ರಬ್ಬಿಂಗ್ ಮಾಡಿ ವ್ಯಾಕ್ಸ್ ಹಾಕಿ ಹೊಸದು ಮಾಡಿ ಕೊಡ್ತೀವಿ ಅಂದರು. ಎರಡಕ್ಕೂ ಇಷ್ಟೊಂದು ಅಂತರ ಯಾಕೆ? ಇನ್ನು ಎರಡು ತಿಂಗಳಿಗೆ ತಂಗಿ ಮದುವೆ. ಛತ್ರದ ಮುಂದೆ ಈ ಗಾಡಿ ಚೆನ್ನಾಗಿ ಕಾಣಬೇಕು ಅಂತ ಅಪ್ಪನ ಆಸೆ. ಗೊತ್ತಿದ್ದವರು ಹೇಳಿ.

ಹುಬ್ಬಳ್ಳಿ_ಪಾಲಿಶ್

ತಮ್ಮಾ, ಈ ಕೆಲಸದಲ್ಲಿ ನನಗೆ ಹನ್ನೆರಡು ವರ್ಷ ಆಯಿತು. ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದಿದ್ದೀರಿ ನೋಡಿ. ಒದ್ದೆ ಇದ್ದಾಗ ಗೀರು ಕಾಣಲಿಲ್ಲ ಅಂದಿರಲ್ಲ, ಅಲ್ಲೇ ಇದೆ.

ಕಾರಿನ ಬಣ್ಣ ಒಂದೇ ಪದರ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಕೋಟ್, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣದ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಗಾಜಿನ ಹಾಗೆ ಕ್ಲಿಯರ್ ಕೋಟ್. ಕಂಪನಿಯಿಂದ ಬಂದ ಗಾಡಿಯಲ್ಲಿ ಇಷ್ಟೂ ಸೇರಿ ಸುಮಾರು 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಬರೀ 35ರಿಂದ 50 ಮೈಕ್ರಾನ್. ನಮ್ಮ ತಲೆಕೂದಲು ಒಂದು 70 ಮೈಕ್ರಾನ್ ಇರುತ್ತದೆ. ಅಂದರೆ ಕೂದಲಿಗಿಂತ ತೆಳು. ನಾವು ಪಾಲಿಶ್ ಮಾಡುವುದು ಇಷ್ಟರೊಳಗೇ.

ಗೀರು ಅಂದರೆ ಚಿಕ್ಕ ಕಾಲುವೆ. ಅದರ ಅಂಚಿಗೆ ಬೆಳಕು ಬಿದ್ದು ಚದುರುತ್ತದೆ, ಅದಕ್ಕೇ ಬೆಳ್ಳಗೆ ಕಾಣುತ್ತದೆ. ನೀರು ಹಾಕಿದಾಗ ಕಾಲುವೆ ತುಂಬುತ್ತದೆ, ಗೀರು ಮಾಯ. ಹೀಗೆ ನೀರಿಗೆ ಮಾಯವಾಗುವ ಗೀರು ಕ್ಲಿಯರ್ ಕೋಟಿನಲ್ಲೇ ಇದೆ ಅಂತ ಅರ್ಥ. ಅದು ಪಾಲಿಶಿಗೆ ಹೋಗುತ್ತದೆ. ನೀರು ಹಾಕಿದರೂ ಬಿಳಿಯಾಗಿಯೋ ಬೂದಿಯಾಗಿಯೋ ಕಾಣುತ್ತಿದ್ದರೆ ಅದು ಪ್ರೈಮರ್‌ಗೆ ಮುಟ್ಟಿದೆ. ಅಲ್ಲಿ ಎಷ್ಟು ಉಜ್ಜಿದರೂ ಸುಮ್ನೆ. ಪಾಲಿಶ್ ಗೀರನ್ನು ತುಂಬುವುದಿಲ್ಲ. ಗೀರಿನ ಅಕ್ಕಪಕ್ಕದ ಕ್ಲಿಯರ್ ಕೋಟನ್ನು ಕೆರೆದು ಸಮ ಮಾಡುತ್ತದೆ, ಅಷ್ಟೇ. ಕೆರೆದದ್ದು ಮತ್ತೆ ಬೆಳೆಯುವುದಿಲ್ಲ.

ಇನ್ನೊಂದು ಪರೀಕ್ಷೆ ಉಗುರಿನದು. ಗೀರಿಗೆ ಅಡ್ಡವಾಗಿ ಉಗುರು ಹಗುರಕ್ಕೆ ಎಳೆಯಿರಿ. ತಡೆದರೆ ಆಳ ಇದೆ, ಜಾರಿ ಹೋದರೆ ಆಶೆ ಇದೆ. ಎರಡೂ ಮಾಡಿ ಬಂದು ಹೇಳಿ. ಅಲ್ಲಿಯವರೆಗೆ ಯಾರಿಗೂ ದುಡ್ಡು ಕೊಡಬೇಡಿ.

ಜಯನಗರ_ಮಳೆಮರ

ಆ 3 ಸಾವಿರದ ಕೆಲಸದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಹೀಗೇ ಮಾಡಿಸಿದೆ. ಸಂಜೆ ಗಾಡಿ ತಗೊಂಡಾಗ ಕನ್ನಡಿ ಥರ ಇತ್ತು, ತುಂಬ ಖುಷಿಯಾಯಿತು. ಮೂರು ಸಲ ತೊಳೆದ ಮೇಲೆ ಅಷ್ಟೂ ಗೀರು ಹಾಗೇ ವಾಪಸ್. ಗೀರು ಹೋಗಿರಲಿಲ್ಲ, ಎಣ್ಣೆ ಮತ್ತು ವ್ಯಾಕ್ಸ್ ಗೀರಿನಲ್ಲಿ ಕೂತು ಮುಚ್ಚಿತ್ತು. ಮೇಲಿನವರು ಹೇಳಿದ ನೀರಿನ ಕಥೆಯೇ, ನೀರಿನ ಬದಲು ವ್ಯಾಕ್ಸ್.

ಇನ್ನೂ ಬೇಸರದ ವಿಷಯ ಅಂದರೆ ಬಾಗಿಲಿನ ಉಬ್ಬು ಗೆರೆ ಇರುತ್ತದಲ್ಲ, ಅಲ್ಲಿ ಮಷಿನ್ ತಾಗಿ ಬಣ್ಣವೇ ಹೋಗಿ ಬೂದಿ ಬಣ್ಣ ಕಾಣುತ್ತಿತ್ತು. ಕೇಳಿದರೆ ಮೊದಲೇ ಹಾಗಿತ್ತು ಅಂದರು. ದಯವಿಟ್ಟು ಗಾಡಿ ಬಿಡುವ ಮುಂಚೆ ಹಗಲಲ್ಲಿ ನಾಲ್ಕೂ ಕಡೆ ಫೋಟೋ ತೆಗೆದಿಟ್ಟುಕೊಳ್ಳಿ.

ಹುಬ್ಬಳ್ಳಿ_ಪಾಲಿಶ್

ಮೇಡಂ, ಅದು ರೋಟರಿ ಮಷಿನ್. ಒಂದೇ ಕಡೆ ಗಿರಗಿರ ತಿರುಗುತ್ತದೆ, ಬೇಗ ಕಾಯುತ್ತದೆ. ಉಬ್ಬು ಗೆರೆ ಮತ್ತು ಅಂಚಿನಲ್ಲಿ ಬಣ್ಣ ಮೊದಲೇ ತೆಳು. ಅಲ್ಲಿ ಉಣ್ಣೆ ಪ್ಯಾಡ್ ಹಚ್ಚಿ ಒತ್ತಿದರೆ ಕೆಲವೇ ಸೆಕೆಂಡ್ ಸಾಕು. ನಾವು ಅಂಚಿಗೆಲ್ಲ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸುತ್ತೇವೆ. ಹಾಗೆ ಅಂಟಿಸದವರ ಕೈಗೆ ಗಾಡಿ ಕೊಡಬೇಡಿ. ಮನೆಯಲ್ಲಿ ಮಾಡುವವರಿಗೆ ಡಿಎ (ಡ್ಯುಯಲ್ ಆಕ್ಷನ್) ಮಷಿನ್ ಒಳ್ಳೆಯದು. ಅದು ತಿರುಗುತ್ತಾ ಜೊತೆಗೆ ಅಲುಗುತ್ತದೆ, ಜಾಸ್ತಿ ಒತ್ತಿದರೆ ತಾನೇ ತಿರುಗುವುದು ನಿಲ್ಲಿಸುತ್ತದೆ. ಕೆಲಸ ನಿಧಾನ, ಆದರೆ ಗಾಡಿ ಉಳಿಯುತ್ತದೆ.

ಶಿವಮೊಗ್ಗ_ಮೇಷ್ಟ್ರು

ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಗೀರು ಹೋಗುತ್ತದೆ ಅಂತ ವಿಡಿಯೋ ನೋಡಿದ್ದೆ. ನಮ್ಮ ಗಾಡಿ ಮೇಲೆ ಒಂದು ಕಡೆ ಮಾಡಿದೆ, ಸ್ವಲ್ಪ ಕಡಿಮೆ ಆಯಿತು. ಅದು ತಪ್ಪಾ?

ಹುಬ್ಬಳ್ಳಿ_ಪಾಲಿಶ್

ಮೇಷ್ಟ್ರೇ, ಪೇಸ್ಟಿನಲ್ಲೂ ಸಣ್ಣ ಪುಡಿ ಇರುತ್ತದೆ, ಹಾಗಾಗಿ ಅಷ್ಟಿಷ್ಟು ಉಜ್ಜುತ್ತದೆ. ಆದರೆ ಅದು ಹಲ್ಲಿಗೆ ಮಾಡಿದ್ದು. ಪಾಲಿಶ್‌ನ ಪುಡಿ ಒಂದೇ ಅಳತೆಯದ್ದಾಗಿರುವಂತೆ ನೋಡಿ ಮಾಡಿರುತ್ತಾರೆ, ಉಜ್ಜುತ್ತಾ ಹೋದಂತೆ ಇನ್ನೂ ನುಣ್ಣಗಾಗುವಂಥ ಪುಡಿಯೂ ಇದೆ. ಒಂದು ಕಡೆ ಮಾಡಿದ್ದಕ್ಕೆ ಏನೂ ಆಗಿಲ್ಲ ಬಿಡಿ. ಮುಂದೆ ಬೇಡ.

ಸಂಡೂರು_ಹುಡುಗ

ಎಲ್ಲರೂ ಪಾಲಿಶ್ ಅಂತಿದ್ದೀರಿ, ಅದಕ್ಕೂ ಮುಂಚಿನ ಕೆಲಸ ಹೇಳುತ್ತೇನೆ. ನಮ್ಮ ಕಡೆ ಅದಿರಿನ ಲಾರಿಗಳ ಧೂಳು. ಕೆಂಪು ಪುಡಿ ಬಣ್ಣದ ಮೇಲೆ ಕೂತರೆ ತೊಳೆದರೂ ಹೋಗಲ್ಲ. ಬಿಳಿ ಗಾಡಿಗಳ ಮೇಲೆ ಸಣ್ಣ ಕಿತ್ತಳೆ ಚುಕ್ಕೆಗಳು ಕಾಣುತ್ತವೆ. ರೈಲ್ವೆ ಹಳಿ ಪಕ್ಕ ನಿಲ್ಲುವ ಗಾಡಿಗೂ ಬ್ರೇಕಿನ ಕಬ್ಬಿಣದ ಪುಡಿಯಿಂದ ಹೀಗೇ ಆಗುತ್ತದೆ. ಆ ಪುಡಿ ಇಟ್ಟುಕೊಂಡೇ ಮಷಿನ್ ಓಡಿಸಿದರೆ ಪ್ಯಾಡಿಗೆ ಸಿಕ್ಕಿ ಹೊಸ ಗೀರು ಬೀಳುತ್ತದೆ.

ಗಾಡಿ ತೊಳೆದು ಒಣಗಿದ ಮೇಲೆ ಅಂಗಡಿಯ ತೆಳು ಪ್ಲಾಸ್ಟಿಕ್ ಕವರ್ ಕೈಗೆ ಹಾಕಿಕೊಂಡು ಬಾನೆಟ್ ಸವರಿ ನೋಡಿ. ಬರಿಗೈಗೆ ನುಣ್ಣಗೆ ಅನಿಸಿದ್ದು ಕವರ್ ಒಳಗಿಂದ ರವೆ ಥರ ಒರಟಾಗಿ ತಾಗುತ್ತದೆ. ನಾನು ಮೊದಲ ಸಲ ಮಾಡಿದಾಗ ನಂಬಲಿಲ್ಲ, ಮೂರು ಸಲ ಸವರಿದೆ. ಅದಕ್ಕೆ ಕ್ಲೇ ಬಾರ್ ಬೇಕು, ಅಂಟಿದ ಕೊಳೆ ಎತ್ತುವ ಮೆತ್ತನೆ ಜೇಡಿಯಂಥ ತುಂಡು. ಶಾಂಪೂ ನೀರು ಚೆನ್ನಾಗಿ ಚಿಮುಕಿಸಿ, ಒತ್ತದೆ ಜಾರಿಸುತ್ತಾ ಹೋಗಿ. ಒರಟು ಹೋದ ಕೂಡಲೇ ಕೈಗೆ ಗೊತ್ತಾಗುತ್ತದೆ. ಕ್ಲೇ ಕೊಳೆಯಾದಾಗ ಚಪಾತಿ ಹಿಟ್ಟಿನ ಹಾಗೆ ಮಡಚಿ ಹೊಸ ಮುಖ ಮಾಡಿಕೊಳ್ಳಿ. ನೆಲಕ್ಕೆ ಬಿದ್ದರೆ ಎಸೆದುಬಿಡಿ, ಒಂದು ಮರಳಿನ ಕಣ ಸಾಕು.

ದಾವಣಗೆರೆ_ಸ್ವಿಫ್ಟ್

ಎಲ್ಲರಿಗೂ ತುಂಬ ಥ್ಯಾಂಕ್ಸ್. ಭಾನುವಾರ ಬೆಳಿಗ್ಗೆ ಅಪ್ಪ ಬಕೆಟ್ ಹಿಡಿದರು, ನಾನು ಒಂದೊಂದೇ ನೋಡುತ್ತಾ ಬಂದೆ. ಬಾನೆಟ್ಟಿನ ಜೇಡರ ಬಲೆ ನೀರಿಗೆ ಪೂರ್ತಿ ಮಾಯ. ರೂಫ್ ಕೂಡ ಒದ್ದೆಯಲ್ಲಿ ಚೆನ್ನಾಗಿದೆ, ಆದರೆ ದುಂಡು ದುಂಡು ಬಿಳಿ ಕಲೆಗಳಿವೆ, ಅವು ಹೋಗಲಿಲ್ಲ. ಬಾಗಿಲ ಗೀರಿಗೆ ಉಗುರು ಸಿಕ್ಕಿಕೊಳ್ಳುತ್ತದೆ, ಮಧ್ಯದಲ್ಲಿ ನಾಲ್ಕು ಬೆರಳಗಲ ಬಿಳಿ ಕಾಣುತ್ತದೆ, ಎರಡೂ ತುದಿಯಲ್ಲಿ ಇಲ್ಲ.

ಒಂದು ವಿಚಿತ್ರ ಇದೆ. ಅಂಗಡಿಯಿಂದ ತಂದ ಪಾಲಿಶ್ ಒಂದಿಷ್ಟನ್ನು ಬಿಳಿ ಬಟ್ಟೆಗೆ ಹಚ್ಚಿ ಬಾನೆಟ್ ಮೂಲೆಯಲ್ಲಿ ಉಜ್ಜಿದೆ. ಬಟ್ಟೆ ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗಿತು. ಎಡಗಡೆ ಮುಂದಿನ ಬಾಗಿಲಲ್ಲಿ ಹಾಗೇ ಮಾಡಿದರೆ ಬಟ್ಟೆ ಕೆಂಪಾಯಿತು! ಕುಂಕುಮ ಒರೆಸಿದ ಹಾಗೆ. ತಕ್ಷಣ ನಿಲ್ಲಿಸಿದೆ. ಏನಾದರೂ ಹಾಳು ಮಾಡಿದೆನಾ?

ಪೇಂಟ್_ಬೂತ್

ಹಾಳಾಗಿಲ್ಲ, ಹೆದರಬೇಡಿ. ನಾನು ಪೇಂಟರ್. ಆ ಬಾಗಿಲಿಗೆ ಹಿಂದೆ ಯಾರೋ ಪೇಂಟ್ ಮಾಡಿಸಿದ್ದಾರೆ, ಮೇಲೆ ಕ್ಲಿಯರ್ ಕೋಟ್ ಹೊಡೆದಿಲ್ಲ. ಬಣ್ಣವೇ ಮೇಲಿನ ಪದರ. ಅದಕ್ಕೇ ಬಟ್ಟೆಗೆ ಬಣ್ಣ ಬಂತು. ಕ್ಲಿಯರ್ ಕೋಟ್ ಇದ್ದರೆ ಬಟ್ಟೆಗೆ ಬಣ್ಣ ಬರಬಾರದು.

ಖಾತ್ರಿ ಮಾಡಿಕೊಳ್ಳಿ. ಆ ಬಾಗಿಲು ತೆರೆದು ಗಾಜಿನ ರಬ್ಬರ್ ಬೀಡಿಂಗ್ ಅಂಚು ನೋಡಿ, ಕೆಂಪು ಚುಕ್ಕೆ ಬಿದ್ದಿದ್ದರೆ ಬೀಡಿಂಗ್ ಬಿಚ್ಚದೆ ಹೊಡೆದಿದ್ದಾರೆ. ಬಾಗಿಲ ಒಳಗಿನ ಮಡಿಕೆಯಲ್ಲಿ ಟೇಪ್ ಅಂಟಿಸಿದ ಗೆರೆ ಇರಬಹುದು. ಬಿಸಿಲಲ್ಲಿ ಪಕ್ಕದ ಫೆಂಡರ್ ಜೊತೆ ಹೋಲಿಸಿದರೆ ಬಣ್ಣ ಒಂದು ಎಳೆ ಬೇರೆ ಕಾಣುತ್ತದೆ. ಮ್ಯಾಗ್ನೆಟ್ ಇದ್ದರೆ ತೆಳು ಬಟ್ಟೆ ಸುತ್ತಿ ಬಾಗಿಲ ತುಂಬ ಓಡಿಸಿ. ಎಲ್ಲಾದರೂ ಹಿಡಿತ ಸಡಿಲವಾದರೆ ಅಲ್ಲಿ ಕೆಳಗೆ ಪುಟ್ಟಿ ಇದೆ.

ಬಾಗಿಲು ಪೂರ್ತಿ ಬದಲಾಗಿರಲಿ, ಬರೀ ಪೇಂಟ್ ಆಗಿರಲಿ, ಪಾಲಿಶ್ ಮಾಡಬಹುದು. ಆದರೆ ಆ ಬಾಗಿಲಿಗೆ ಕಾಂಪೌಂಡ್, ಅಂದರೆ ಜಾಸ್ತಿ ಕೆರೆಯುವ ಒರಟು ಪಾಲಿಶ್, ಮುಟ್ಟಿಸಬೇಡಿ. ಬರೀ ನುಣ್ಣನೆ ಫಿನಿಶಿಂಗ್ ಪಾಲಿಶ್, ಕೈಯಲ್ಲಿ, ಮೆತ್ತಗೆ. ಆ ಪ್ಯಾಡ್ ಮತ್ತು ಬಟ್ಟೆ ಬೇರೆ ಇಡಿ.

ಇನ್ನು ಆ 40 ಸಾವಿರದ ಮಾತು. ನಾನೇ ಪೇಂಟರ್, ಆದರೂ ಹೇಳುತ್ತೇನೆ: ಕಂಪನಿ ಪೇಂಟ್ ಚೆನ್ನಾಗಿರುವ ಗಾಡಿಗೆ ಪೂರ್ತಿ ಪೇಂಟ್ ಮಾಡಿಸಬೇಡಿ. ಕಂಪನಿಯಲ್ಲಿ ಬರಿ ತಗಡನ್ನು ಒಲೆಯಲ್ಲಿ ಹೆಚ್ಚು ಶಾಖದಲ್ಲಿ ಬೇಯಿಸುತ್ತಾರೆ. ನಮ್ಮ ಬೂತಿನಲ್ಲಿ ಅಷ್ಟು ಶಾಖ ಕೊಡೋಕಾಗಲ್ಲ, ಸೀಟು, ವೈರಿಂಗ್, ಪ್ಲಾಸ್ಟಿಕ್ ಎಲ್ಲ ಗಾಡಿಯಲ್ಲೇ ಇರುತ್ತದೆ. ಆಮೇಲೆ ನೀವು ಮಾರುವಾಗ ಯಾಕೆ ಪೇಂಟ್ ಮಾಡಿಸಿದ್ದು ಅಂತ ಕೇಳುತ್ತಾರೆ. ಬಂಪರ್ ಮೂಲೆ ಒಂದನ್ನು ಮಾಡಿಸಿ, ಅದು ಪ್ಲಾಸ್ಟಿಕ್, ಬೇರೆ ದಾರಿ ಇಲ್ಲ.

ದಾವಣಗೆರೆ_ಸ್ವಿಫ್ಟ್

ಅಣ್ಣಾ, ಬೀಡಿಂಗ್ ಮೇಲೆ ಕೆಂಪು ಚುಕ್ಕೆ ಇದೆ. ನೀವು ಹೇಳಿದ ಹಾಗೇ. ಮ್ಯಾಗ್ನೆಟ್ ಎಲ್ಲ ಕಡೆ ಗಟ್ಟಿ ಹಿಡಿಯಿತು, ಸಮಾಧಾನ. ಅಪ್ಪನಿಗೆ ಸ್ವಲ್ಪ ಬೇಜಾರಾಯಿತು, ಮಾರಿದವರು ಹೇಳಬಹುದಿತ್ತು ಅಂತ.

ಜಯನಗರ_ಮಳೆಮರ

ರೂಫಿನ ದುಂಡು ಕಲೆ ಬೋರ್‌ವೆಲ್ ನೀರಿನದ್ದು. ನಮ್ಮಲ್ಲೂ ಇದೇ ಗೋಳು. ಗಡಸು ನೀರು ಬಿಸಿಲಲ್ಲಿ ಒಣಗಿದರೆ ಸುಣ್ಣ ಉಳಿಯುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಒದ್ದೆ ಮಾಡಿ ಒಂದು ನಿಮಿಷ ಕಲೆಯ ಮೇಲಿಟ್ಟು, ಚೆನ್ನಾಗಿ ತೊಳೆಯಿರಿ. ನನಗೆ ಮುಕ್ಕಾಲು ಭಾಗ ಹೋಯಿತು. ಉಳಿದದ್ದು ಕ್ಲಿಯರ್ ಕೋಟನ್ನೇ ತಿಂದಿತ್ತು, ಅದು ಪಾಲಿಶಿಗೇ ಹೋಗಬೇಕಾಯಿತು. ಹಕ್ಕಿ ಹಿಕ್ಕೆಯೂ ಹಾಗೇ. ಬೆಳಿಗ್ಗೆ ಬಿದ್ದದ್ದನ್ನು ಸಂಜೆವರೆಗೆ ಬಿಸಿಲಲ್ಲಿ ಬಿಟ್ಟರೆ ಅಚ್ಚು ಉಳಿಯುತ್ತದೆ. ಒಣಗಿದ್ದನ್ನು ಕೆರೆಯಬೇಡಿ, ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಿ.

ಹುಬ್ಬಳ್ಳಿ_ಪಾಲಿಶ್

ಈಗ ಕೆಲಸಕ್ಕೆ ಇಳಿಯಬಹುದು. ನಿಮ್ಮ ಹತ್ತಿರ ಡಿಎ ಮಷಿನ್ ಇಲ್ಲದಿದ್ದರೆ ಬಾಡಿಗೆಗೋ ಗೆಳೆಯರ ಹತ್ತಿರವೋ ತಗೊಳ್ಳಿ. ಬಾನೆಟ್, ರೂಫ್ ಕೈಯಲ್ಲಿ ಮಾಡಿದರೆ ಭುಜ ಹೋಗುತ್ತದೆ, ಒಂದೇ ಸಮ ಆಗುವುದೂ ಇಲ್ಲ.

ನೆರಳಲ್ಲೇ ಮಾಡಿ. ತಗಡು ಮುಟ್ಟಿದರೆ ತಣ್ಣಗಿರಬೇಕು. ಬಿಸಿ ಇದ್ದರೆ ಪಾಲಿಶ್ ಒಣಗಿ ಅಂಟಿಕೊಳ್ಳುತ್ತದೆ. ಮೊದಲು ಒಂದು ಚೌಕ ಮಾತ್ರ ಮಾಡಿ, ಎರಡಡಿಗೆ ಎರಡಡಿ, ಸುತ್ತ ಟೇಪ್ ಹಾಕಿ. ಅದರಲ್ಲೇ ನಿಮಗೆ ಇಡೀ ಗಾಡಿಯ ಲೆಕ್ಕ ಸಿಗುತ್ತದೆ. ಶುರು ಮಾಡುವುದು ಯಾವಾಗಲೂ ಹಗುರದಿಂದ. ಮೆತ್ತನೆ ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್. ಅದರಲ್ಲೇ ಗೆರೆ ಹೋದರೆ ಅಲ್ಲಿಗೇ ನಿಲ್ಲಿಸಿ. ಹೋಗದಿದ್ದರೆ ಮಾತ್ರ ಕಾಂಪೌಂಡ್. 3ಎಂ, ಮೆಗ್ವಾಯರ್ಸ್ ಯಾವುದಾದರೂ ಆಗುತ್ತದೆ, ಹೆಸರಿಗಿಂತ ಪ್ಯಾಡ್ ಸ್ವಚ್ಛ ಇರುವುದು ಮುಖ್ಯ.

ಪ್ಯಾಡ್ ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಮಷಿನ್ ಆನ್ ಮಾಡುವ ಮುಂಚೆ ಅದನ್ನು ಚೌಕದ ತುಂಬ ಒರೆಸಿ, ಇಲ್ಲಾಂದ್ರೆ ಗೋಡೆಗೆಲ್ಲ ಹಾರುತ್ತದೆ. ಆಮೇಲೆ ವೇಗ 4ಕ್ಕೆ ಇಟ್ಟು, ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನಕ್ಕೆ ಸರಿಸಿ. ಮೊದಲು ಅಡ್ಡಡ್ಡ, ಆಮೇಲೆ ಉದ್ದುದ್ದ. ಮಷಿನ್ ಭಾರವೇ ಸಾಕು, ನೀವು ಒತ್ತಬೇಡಿ. ಹೊಸಬರು ಎಲ್ಲರೂ ಅವಸರದಲ್ಲಿ ಮಷಿನ್ ಓಡಿಸುತ್ತಾರೆ, ಅಲ್ಲೇ ಕೆಲಸ ಕೆಡುವುದು.

ಒರೆಸಿದ ಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಚಿಮುಕಿಸಿ ಒರೆಸಿ. ಪಾಲಿಶಿನ ಎಣ್ಣೆ ಹೋಗುತ್ತದೆ. ಆಗ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಈಗ ಕಂಡದ್ದೇ ನಿಜ.

ದಾವಣಗೆರೆ_ಸ್ವಿಫ್ಟ್

ಮಾಡಿದೆ! ಎರಡು ಭಾನುವಾರ ಹಿಡಿಯಿತು.

ಮೊದಲ ಚೌಕ ಬಾನೆಟ್ಟಿನ ಮಧ್ಯ. ಫಿನಿಶಿಂಗ್ ಪಾಲಿಶಿನಲ್ಲೇ ಅರ್ಧಕ್ಕಿಂತ ಜಾಸ್ತಿ ಗೆರೆ ಹೋಯಿತು, ಪೂರ್ತಿ ಹೋಗಲಿಲ್ಲ. ಕಾಂಪೌಂಡ್ ಒಂದು ಸುತ್ತು, ಮತ್ತೆ ಫಿನಿಶಿಂಗ್. ಆಲ್ಕೋಹಾಲ್ ಹಾಕಿ ಒರೆಸಿ ಟಾರ್ಚ್ ಹಿಡಿದೆ. ಟೇಪಿನ ಈಚೆ ಬಲ್ಬಿನ ಸುತ್ತ ಬಲೆ, ಆಚೆ ಬರೀ ಒಂದು ಬಿಳಿ ಚುಕ್ಕೆ. ಟೇಪ್ ಕಿತ್ತಾಗ ಗೆರೆ ಎಳೆದ ಹಾಗೆ ಎರಡು ಬಣ್ಣ ಕಂಡಿತು. ಒಂದು ಕಡೆ ಇಟ್ಟಿಗೆ ಕೆಂಪು, ಇನ್ನೊಂದು ಕಡೆ ಮಾಗಿದ ಟೊಮೆಟೊ ಕೆಂಪು. ಅಪ್ಪ ಬಂದು ಸುಮಾರು ಹೊತ್ತು ಏನೂ ಮಾತಾಡದೆ ನಿಂತರು. ಆಮೇಲೆ ಅಮ್ಮನನ್ನು ಕರೆದು ತೋರಿಸಿದರು.

ಪ್ಲಾಸ್ಟಿಕ್ ಕವರ್ ಪರೀಕ್ಷೆ ಕೂಡ ಮಾಡಿದ್ದೆ. ಸಂಡೂರಿನವರು ಹೇಳಿದ್ದು ಅಕ್ಷರಶಃ ನಿಜ, ರೂಫ್ ಅಂತೂ ರವೆ ಜರಡಿ ಥರ ಇತ್ತು.

ಪೇಂಟ್_ಬೂತ್

ಚೆನ್ನಾಗಿ ಮಾಡಿದ್ದೀರಿ. ಈಗ ಬಲಗಡೆ ಹಿಂದಿನ ಬಾಗಿಲ ಗೀರು. ಎರಡು ತುದಿ ಪಾಲಿಶಿಗೆ ತಗ್ಗುತ್ತದೆ. ಮಧ್ಯದ ನಾಲ್ಕು ಬೆರಳಿಗೆ ಟಚ್ಅಪ್ ಪೇಂಟ್. ಬಣ್ಣದ ಕೋಡ್ ಗಾಡಿ ಮೇಲೇ ಪ್ಲೇಟಿನಲ್ಲೋ ಸ್ಟಿಕ್ಕರಿನಲ್ಲೋ ಇರುತ್ತದೆ, ಬಾನೆಟ್ ಒಳಗೆ ಇಲ್ಲವೇ ಬಾಗಿಲ ಕಂಬದಲ್ಲಿ ಹುಡುಕಿ. ಬರೀ ಕೆಂಪು ಅಂತ ಕೇಳಿ ತರಬೇಡಿ.

ಬಾಟಲಿಯ ಜೊತೆ ಬರುವ ಬ್ರಷ್ ದಪ್ಪ, ಅದನ್ನು ಬಿಡಿ. ಟೂತ್‌ಪಿಕ್ ತುದಿಯಲ್ಲಿ ಗೀರಿನ ಒಳಗೆ ಮಾತ್ರ ಇಡಿ. ತೆಳುವಾಗಿ ಒಂದು ಸಲ, ಒಣಗಿದ ಮೇಲೆ ಇನ್ನೊಂದು. ಒಣಗಿದಾಗ ಬಣ್ಣ ಕುಗ್ಗುತ್ತದೆ, ಹಾಗಾಗಿ ಮೂರು ನಾಲ್ಕು ಸಲ ಬೇಕು. ಕೊನೆಗೆ ಕ್ಲಿಯರ್. ಮೇಲಿನ ಮಟ್ಟಕ್ಕಿಂತ ಒಂದು ಕೂದಲೆಳೆ ಉಬ್ಬಿರಲಿ. ಒಂದು ವಾರ ಮುಟ್ಟಬೇಡಿ. ಆಮೇಲೆ ಬೇಕಿದ್ದರೆ 2000 ನಂಬರ್ ವಾಟರ್ ಪೇಪರ್ (ನುಣ್ಣನೆ ಮರಳು ಕಾಗದ) ಸಣ್ಣ ತುಂಡು, ನೀರು ಸುರಿಯುತ್ತಾ ಉಬ್ಬಿನ ಮೇಲೆ ಮಾತ್ರ ಎರಡು ಮೂರು ಸಲ. ಕೈ ಪಳಗಿಲ್ಲ ಅಂದರೆ ಉಬ್ಬು ಹಾಗೇ ಬಿಡಿ. ಹತ್ತಿರ ಬಂದು ನೋಡಿದರೆ ಗೊತ್ತಾಗುತ್ತದೆ, ನಾಲ್ಕು ಹೆಜ್ಜೆ ದೂರದಿಂದ ಗೊತ್ತಾಗಲ್ಲ.

ಉಡುಪಿ_ಟ್ಯಾಕ್ಸಿ

ಕರಾವಳಿಯವರಿಗೆ ಒಂದು ಮಾತು. ನಮ್ಮಲ್ಲಿ ತಗಡು ಕಾಣುವ ಗೀರನ್ನು ಮುಂದಿನ ವಾರ ನೋಡೋಣ ಅಂತ ಬಿಡುವ ಹಾಗಿಲ್ಲ. ಉಪ್ಪು ಗಾಳಿ, ಮೇಲಿಂದ ನಾಲ್ಕು ತಿಂಗಳ ಮಳೆ. ಬಣ್ಣದ ಅಡಿಯಲ್ಲಿ ತುಕ್ಕು ಹರಡಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಮೇಲೆ ಪಾಲಿಶ್ ಯಾವ ಕೆಲಸಕ್ಕೂ ಬರಲ್ಲ, ಕೆರೆದು ಪ್ರೈಮರ್‌ನಿಂದ ಶುರು ಮಾಡಬೇಕು.

ವ್ಯಾಕ್ಸ್ ಬಗ್ಗೆ ಯಾರೂ ಬರೆದಿಲ್ಲ. ನಾನು ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹಾಕುತ್ತೇನೆ. ಸೆರಾಮಿಕ್ ಕೋಟಿಂಗ್ ಹಾಕಿಸಿ ಅಂತ ಬಾಡಿಗೆಗೆ ಬರುವವರೆಲ್ಲ ಹೇಳುತ್ತಾರೆ. ಇವರ ಗಾಡಿಗೆ ಯಾವುದು ಸರಿ?

ಹುಬ್ಬಳ್ಳಿ_ಪಾಲಿಶ್

ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್ಲಿನ ಒಂದು ಜಾತಿಯ ತಾಳೆ ಮರದ ಎಲೆಯಿಂದ ಬರುವ ಮೇಣ. ಕೆಂಪು, ಕಪ್ಪು ಗಾಡಿಗೆ ಅದರ ಹೊಳಪೇ ಬೇರೆ, ಬಣ್ಣ ಒಳಗಿಂದ ತುಂಬಿಕೊಂಡ ಹಾಗೆ ಕಾಣುತ್ತದೆ. ಆದರೆ ನಮ್ಮ ಬಿಸಿಲಿಗೆ ಒಂದೆರಡು ತಿಂಗಳು, ಅಷ್ಟೇ. ಸಿಂಥೆಟಿಕ್ ಸೀಲೆಂಟ್, ಅಂದರೆ ವ್ಯಾಕ್ಸ್ ಥರವೇ ಹಚ್ಚುವ ಕೃತಕ ಲೇಪ, ನಾಲ್ಕರಿಂದ ಆರು ತಿಂಗಳು ತಡೆಯುತ್ತದೆ. ಸೆರಾಮಿಕ್ ಇನ್ನೂ ಜಾಸ್ತಿ, ಆದರೆ ಕೆಳಗಿನ ಗೀರು ತೆಗೆಯದೆ ಹಾಕಿದರೆ ಗೀರಿಗೇ ಬೀಗ ಹಾಕಿದ ಹಾಗೆ. ಸೆರಾಮಿಕ್ ಇದ್ದರೆ ಗೀರೇ ಬೀಳಲ್ಲ ಅನ್ನುವುದೂ ಸುಳ್ಳು. ಬೀಗದ ಕೈಯಲ್ಲಿ ಎಳೆದರೆ ಯಾವುದೂ ನಿಲ್ಲುವುದಿಲ್ಲ.

ತಮ್ಮಾ, ನೀವು ಈಗ ಸೀಲೆಂಟ್ ಹಾಕಿ. ಮದುವೆಗೆ ಎರಡು ದಿನ ಮುಂಚೆ ಅದರ ಮೇಲೆ ಕಾರ್ನೌಬಾ ಒಂದು ಕೈ. ತೆಳ್ಳಗೆ ಹಚ್ಚಿ, ಜಾಸ್ತಿ ಹಚ್ಚಿದರೆ ಜಾಸ್ತಿ ಹೊಳೆಯುವುದಿಲ್ಲ. ಹಚ್ಚಿದ್ದು ಒಣಗಿ ಮಂಜು ಕಟ್ಟಿದ ಹಾಗಾದ ಮೇಲೆ ಬೆರಳಲ್ಲಿ ಒರೆಸಿ ನೋಡಿ, ಗೆರೆ ಸ್ವಚ್ಛ ಬಂದರೆ ತೆಗೆಯುವ ಹೊತ್ತು. ಕಪ್ಪು ಪ್ಲಾಸ್ಟಿಕ್ ಮೇಲೆ ತಾಗಿಸಬೇಡಿ, ಬಿಳಿ ಕಲೆ ಕೂರುತ್ತದೆ.

ಶಿವಮೊಗ್ಗ_ಮೇಷ್ಟ್ರು

ಮದುವೆ ಅಂದಿರಿ, ಹಾಗಾಗಿ ಹೇಳುತ್ತೇನೆ. ಗಾಡಿಗೆ ಹೂವು ಕಟ್ಟುವವರ ಹತ್ತಿರ ನಿಂತಿರಿ. ನಮ್ಮ ಮನೆ ಮದುವೆಯಲ್ಲಿ ಹಾರದ ತಂತಿ ತುದಿ ಬಾನೆಟ್ ಮೇಲೆ ಹತ್ತು ಕಿ.ಮೀ. ಕುಣಿಯುತ್ತಾ ಬಂತು. ಆಯುಧ ಪೂಜೆಗೂ ಅಷ್ಟೇ. ಕುಂಕುಮ ಅರಿಶಿನವನ್ನು ಒಣ ಬಟ್ಟೆಯಲ್ಲಿ ಒರೆಸಬೇಡಿ, ನೀರು ಹಾಕಿ ತೊಳೆಯಿರಿ. ನಾವು ಈಗ ಬೊಟ್ಟನ್ನು ಗಾಜಿನ ಮೇಲೆ ಇಡುತ್ತೇವೆ. ದೇವರಿಗೆ ಅದೂ ಸಲ್ಲುತ್ತದೆ.

ಹುಬ್ಬಳ್ಳಿ_ಪಾಲಿಶ್

ಮೇಷ್ಟ್ರು ಹೇಳಿದ ಒಣ ಬಟ್ಟೆ ವಿಷಯವನ್ನು ಎಲ್ಲರೂ ಕೇಳಿ. ನನ್ನ ಹತ್ತಿರ ಬರುವ ಗಾಡಿಗಳಲ್ಲಿ ಹೆಚ್ಚಿನ ಗೆರೆ ಅಪಘಾತದ್ದಲ್ಲ, ದಿನಾ ಬೆಳಿಗ್ಗೆ ಒರೆಸಿದ್ದು. ರಾತ್ರಿ ಕೂತ ಧೂಳನ್ನು ಬನಿಯನ್ ವೇಸ್ಟ್‌ನಲ್ಲಿ ತಿಕ್ಕುವುದು ಅಂದರೆ ಮರಳು ಕಾಗದದಲ್ಲಿ ತಿಕ್ಕಿದ ಹಾಗೆ. ಮೊದಲು ನೀರು ಬಿಡಿ, ಮಣ್ಣು ಇಳಿಯಲಿ. ಎರಡು ಬಕೆಟ್ ಇಡಿ, ಒಂದರಲ್ಲಿ ಶಾಂಪೂ, ಇನ್ನೊಂದು ಬಟ್ಟೆ ಜಾಲಿಸೋಕೆ. ಬಟ್ಟೆ ಸೋಪಿನ ಪುಡಿ ಬೇಡ, ವ್ಯಾಕ್ಸ್ ಎಲ್ಲ ಎದ್ದುಹೋಗುತ್ತದೆ.

ದಾವಣಗೆರೆ_ಸ್ವಿಫ್ಟ್

ಮದುವೆ ಮುಗಿಯಿತು, ಬರೆಯೋದು ತಡವಾಯಿತು. ಬಂಪರ್ ಮೂಲೆ ಒಂದನ್ನು ಪೇಂಟ್ ಮಾಡಿಸಿದೆ. ಪಾಲಿಶ್, ಪ್ಯಾಡ್, ಕ್ಲೇ, ಸೀಲೆಂಟ್, ಟಚ್ಅಪ್ ಎಲ್ಲ ಸೇರಿ 40 ಸಾವಿರದ ಕಾಲು ಭಾಗವೂ ಆಗಲಿಲ್ಲ. ಮಷಿನ್ ಗೆಳೆಯನದು. ಬಾಗಿಲ ಗೀರಿನ ಮಧ್ಯದ ಉಬ್ಬಿಗೆ ವಾಟರ್ ಪೇಪರ್ ಹಾಕಲಿಲ್ಲ, ಧೈರ್ಯ ಬರಲಿಲ್ಲ. ಛತ್ರದ ಮುಂದೆ ಯಾರಿಗೂ ಕಾಣಲಿಲ್ಲ.

ಎಡ ಬಾಗಿಲನ್ನು ಕೈಯಲ್ಲೇ ಮಾಡಿದೆ. ಬಟ್ಟೆ ಕೆಂಪಾದರೂ ಹೊಳಪು ಬಂತು. ಬಿಸಿಲಲ್ಲಿ ಈಗಲೂ ಒಂದು ಎಳೆ ಬೇರೆ ಬಣ್ಣ, ಅದನ್ನು ಹಾಗೇ ಬಿಟ್ಟಿದ್ದೇವೆ. ಹೂವು ಕಟ್ಟುವಾಗ ಅಪ್ಪನೇ ಪಕ್ಕದಲ್ಲಿ ನಿಂತು ಪ್ರತಿ ತಂತಿಗೂ ಬಟ್ಟೆ ಸುತ್ತಿಸಿದರು.

ಹರಿಹರ_ಹಳೇಗಾಡಿ

ಈ ಚರ್ಚೆ ಪೂರ್ತಿ ಓದಿದೆ. ನಮ್ಮ ಮನೆಯಲ್ಲಿ ತಾತನ ಕಾಲದ ಬಿಳಿ ಮಾರುತಿ 800 ಇದೆ. ಮುಟ್ಟಿದರೆ ಕೈಗೆ ಸುಣ್ಣದ ಪುಡಿ ಥರ ಬರುತ್ತದೆ. ಇದಕ್ಕೂ ಪಾಲಿಶ್ ಆಗುತ್ತಾ?

ಪೇಂಟ್_ಬೂತ್

ಆಗುತ್ತದೆ. ಪುಡಿ ಬರುತ್ತಿದೆ ಅಂದರೆ ಅದಕ್ಕೆ ಕ್ಲಿಯರ್ ಕೋಟ್ ಇರಲಿಕ್ಕಿಲ್ಲ, ಬಿಸಿಲಿಗೆ ಬಣ್ಣದ ಮೇಲ್ಮೈ ಸತ್ತಿದೆ. ಸತ್ತ ಪದರ ತೆಗೆದರೆ ಕೆಳಗಿನ ಬಿಳಿ ಸಿಗುತ್ತದೆ. ಬಟ್ಟೆ ಬಿಳಿಯಾದರೆ ಗಾಬರಿ ಬೇಡ. ಬೂದಿಯೋ ಕೆಂಪೋ ಕಂಡರೆ ಪ್ರೈಮರ್ ಬಂತು, ಅಲ್ಲಿಗೆ ಕೈ ಎತ್ತಿ. ಮೊದಲು ಡಿಕ್ಕಿ ಬಾಗಿಲ ಮೂಲೆಯಲ್ಲಿ ಒಂದು ಅಂಗೈ ಅಗಲ ಮಾಡಿ ಫೋಟೋ ಹಾಕಿ.